ಖಾನಾಪುರದಲ್ಲಿ ಬೀಳದ ಗುಮಾಸ್ತ

ಟಿಳಕವಾಡಿ, ಬೆಳಗಾವಿ
18 ನವೆಂಬರ್ 1985, ಸೋಮವಾರ

ಗುರುಪುತ್ರಪ್ಪ ಮಾಮಾ ಅವರಿಗೆ ಕಾಂತಾಳ ಶರಣು.

ಅವ್ವನ ಮೊಣಕಾಲು ನೋವು ಹೇಗಿದೆ, ನೀವು ಹೇಗಿದ್ದೀರಿ ಎಂದು ಮೊದಲು ಕೇಳಬೇಕು. ಕೇಳಿದ್ದೇನೆ ಎಂದೇ ತಿಳಿಯಿರಿ. ನಿನ್ನೆ ಸಂಜೆ ಇಡೀ ಓಣಿಯ ಮುಂದೆ ನನ್ನ ಮಾನ ಹೋಗಿದೆ. ಅದರಲ್ಲಿ ನಿಮ್ಮ ಕೈವಾಡ ಇರಬಹುದೆಂದು ನನಗೆ ಗುಮಾನಿ.

ನಮ್ಮ ಮನೆ ಮಾಲೀಕರು ಈ ದೀಪಾವಳಿಗೆ ಟೀವಿ ತಂದಿದ್ದಾರೆ. ರವಿವಾರ ಸಂಜೆ ಸಿನಿಮಾ ಹೊತ್ತಿಗೆ ಅವರ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಿನ್ನೆ ಹಾಕಿದ್ದು ಯಾವ ಚಿತ್ರ ಗೊತ್ತೇ? ನಾನು ಐದನೆಯ ಇಯತ್ತೆಯಲ್ಲಿದ್ದಾಗ ಖಾನಾಪುರದ ಟೂರಿಂಗ್ ಟಾಕೀಸಿನಲ್ಲಿ ನೀವೇ ಮಶೀನು ತಿರುಗಿಸಿ ತೋರಿಸಿದ ಆ ಹಳೆಯ ಹಿಂದಿ ಚಿತ್ರ. ಅಂಜುಬುರುಕ ಗುಮಾಸ್ತನದು. ಪರಿಚಯದವರು ಎದುರು ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದನಲ್ಲ, ಸಾಹೇಬರಿಗೆ ನಮಸ್ಕಾರ ಹೇಳುವ ಮೊದಲು ಕೋಟು ತೂಗುಹಾಕುವ ಗೂಟಕ್ಕೆ ನಾಲ್ಕು ಸಲ ನಮಸ್ಕರಿಸಿ ರೂಢಿ ಮಾಡಿಕೊಳ್ಳುತ್ತಿದ್ದನಲ್ಲ, ಅವನೇ. ಅವನ ಮೋರೆ ಕಂಡದ್ದೇ ನನಗೆ ನಮ್ಮೂರಿನವರು ಯಾರೋ ಬಂದಷ್ಟು ಸಂತೋಷವಾಯಿತು.

ಸಾಹೇಬರ ಬೀಳ್ಕೊಡುಗೆ ಸಮಾರಂಭ ಬಂತು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಎಲ್ಲರಿಗೂ ಹೇಳಿಬಿಟ್ಟೆ: "ಸುಮ್ಮ ಕುಂದರ್ರಿ, ಈಗ ನೋಡ್ರಿ! ಇಂವಾ ಮೈಕಿನ ಮುಂದ ಹೋಗಿ ಹಾಳಿ ಬಿಚ್ಚತಾನ, ಮೈಕಿಗೆ ಟಪ್ ಅಂತ ಒಮ್ಮೆ ಬಡೀತಾನ, ಭಾಷಣಾ ಮಾಡತಾನ, ಮಂದಿ ಎಲ್ಲಾ ಎದ್ದು ನಿಂತು ಚಪ್ಪಾಳಿ ಹೊಡೀತೈತಿ!"

ಗುಮಾಸ್ತ ಹಾಳೆ ಬಿಚ್ಚಿದ. ಟಪ್ ಬರಲಿಲ್ಲ. ಬಾಯಿ ತೆರೆದ, ಸ್ವರ ಹೊರಡಲಿಲ್ಲ. ಹಾಳೆಯನ್ನು ತಿರುವಿ ಹಿಡಿದ. ಸಭೆಯಲ್ಲಿ ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಅವನು ಹಿಂದೆ ಸರಿಯಲು ಹೋಗಿ, ಮೈಕಿನ ವೈರು ಕಾಲಿಗೆ ಸುತ್ತಿ, ಹೂಮಾಲೆಗಳ ರಾಶಿಯ ಮೇಲೆ ಬಿದ್ದ. ಕಿವಿಗೆ ಒಂದು ಮಾಲೆ ಸಿಕ್ಕಿಸಿಕೊಂಡೇ ಮೇಜಿನ ಕೆಳಗೆ ಅಂಬೆಗಾಲಿಟ್ಟು ಓಡಿಹೋದ. ಆಮೇಲೆ ಸಾಹೇಬರು ಮಾತಾಡಿದರು. ಆ ಚಪ್ಪಾಳೆ ಸಾಹೇಬರಿಗೆ!

ಪಡಸಾಲೆ ಮೊದಲು ಅವನನ್ನು ನೋಡಿ ನಕ್ಕಿತು, ಆಮೇಲೆ ನನ್ನನ್ನು ನೋಡಿ. "ಟೀಚರ್, ನಿಮ್ಮ ಭಾಷಣಾ ಎಲ್ಲೆ ಹೋತ್ರಿ?" ಎಂದರು ಮಾಲೀಕರ ಮನೆಯವರು. ನನ್ನ ವರ್ಗದ ಹುಡುಗಿಯರು ಮೂವರಿದ್ದರು. ಅವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

ಮಾಮಾ, ನಗೆಯ ಮಾತು ಬಿಡಿ. ನಿಮಗೆ ನೆನಪಿದೆ, ಆ ವರ್ಷ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ವಚನ ಹೇಳಲು ನಿಂತು, ಮರೆತು, ಲಂಗ ಒದ್ದೆ ಮಾಡಿಕೊಂಡು ಓಡಿ ಬಂದವಳು ನಾನು. ಎರಡು ವಾರ ಹಾಸಿಗೆಯಿಂದ ಏಳಲಿಲ್ಲ. ಆಮೇಲೆ ಆ ಚಿತ್ರ ನೋಡಿದೆ. ಅವನು ಮೈಕಿಗೆ ಟಪ್ ಎನಿಸಿ ಮಾತಾಡಿದ್ದನ್ನು ನೋಡಿ ಮರುದಿನ ಶಾಲೆಗೆ ಹೋದೆ. ಟೀಚರ್ ಟ್ರೇನಿಂಗಿನಲ್ಲಿ ಮೊದಲ ಪಾಠ ಕೊಡುವಾಗ ಬಾಗಿಲ ಚೌಕಟ್ಟಿಗೆ ಬೆರಳಿನಿಂದ ಟಪ್ ಎಂದು ಬಡಿದು ಒಳಗೆ ಹೆಜ್ಜೆ ಇಟ್ಟೆ. ಇವತ್ತಿಗೂ ದಿನಾ ಮುಂಜಾನೆ ಹಾಗೇ ಮಾಡುತ್ತೇನೆ. ಈರಣ್ಣ ಹೆಣ್ಣು ನೋಡಲು ಬಂದಾಗ "ಇಷ್ಟು ಅಂಜತೀರಿ, ಟೀಚರ್ ಹೆಂಗ ಆದ್ರಿ?" ಎಂದು ಕೇಳಿದ್ದಕ್ಕೆ ಇದೇ ಕಥೆ ಹೇಳಿದ್ದೆ.

ಹಾಗಾದರೆ ನಾನು ನೋಡಿದ್ದು ಯಾವ ಚಿತ್ರ? ಖರೇ ಹೇಳಿರಿ.

ನಿಮ್ಮ
ಕಾಂತಾ


ಖಾನಾಪುರ
23 ನವೆಂಬರ್ 1985

ಚಿ. ಕಾಂತಾಗೆ ಆಶೀರ್ವಾದ.

ಕಾಗದ ಮುಟ್ಟಿತು. ಗೌರವ್ವ ಆರಾಮ ಇದ್ದಾಳೆ. ಆಗಿನ ಪ್ರಿಂಟು ಹಳೆಯದು. ಆ ಜಾಗದಲ್ಲಿ ಹರಿದಿತ್ತು. ಅಷ್ಟೇ. ಥಂಡಿ ಬಿದ್ದಿದೆ, ಕಿವಿಗೆ ಕಟ್ಟಿಕೊಂಡು ಶಾಲೆಗೆ ಹೋಗು.

ಗುರುಪುತ್ರಪ್ಪ


ಟಿಳಕವಾಡಿ, ಬೆಳಗಾವಿ
1 ಡಿಸೆಂಬರ್ 1985

ಮಾಮಾ ಅವರಿಗೆ,

ನಿಮ್ಮ ಕಾರ್ಡು ಬಂತು. ನೀವು ಕಾರ್ಡು ಬರೆದಿರಿ ಎಂದಾಗಲೇ ನನಗೆ ತಿಳಿಯಿತು, ಏನೋ ಮುಚ್ಚಿಡುತ್ತಿದ್ದೀರಿ ಎಂದು. ಏಳು ವರ್ಷದಿಂದ ನಾನು ಬೆಳಗಾವಿಯಲ್ಲಿದ್ದೇನೆ. ಬಸ್ಸಿನಲ್ಲಿ ಒಂದು ತಾಸಿನ ದಾರಿ. ನೀವು ಒಮ್ಮೆಯೂ ಬರಲಿಲ್ಲ, ಆದರೆ ನಾಲ್ಕು ಪುಟಕ್ಕಿಂತ ಕಡಿಮೆ ಕಾಗದವನ್ನೂ ಎಂದೂ ಬರೆಯಲಿಲ್ಲ. ನಾನು ಊರಿಗೆ ಬಂದಾಗ ಎದುರಿಗೆ ನಾಲ್ಕು ಮಾತಾಡುವುದಿಲ್ಲ, ವಾಪಸು ಬಂದ ಎರಡನೇ ದಿನಕ್ಕೆ "ನೀನು ಬಂದಾಗ ಹೇಳಬೇಕೆಂದಿದ್ದೆ" ಎಂದು ಶುರುವಾಗುವ ಕಾಗದ ಬರುತ್ತದೆ. ಕಿರಾಣಿ ಅಂಗಡಿಯ ಕಟ್ಟೆಯ ಮುಂದೆ ನಿಂತುಕೊಂಡೇ ಅಂಗಡಿಯವನ ಕೈಗೆ "ಉಪ್ಪು" ಎಂದು ಬರೆದ ಚೀಟಿ ಕೊಡುವವರು ನೀವು. ಊರಿನ ಮದುವೆಗೆಲ್ಲ ಹಿಂದಿನ ದಿನ ಹೋಗಿ ಬಲ್ಬಿನ ಸರ ಕಟ್ಟಿ, ಆಹೇರಿ ಉಡುಗೊರೆಯನ್ನೂ ಆಗಲೇ ಕೊಟ್ಟು, ಮದುವೆಯ ದಿನ ಮಾಯವಾಗುವವರು. ಟಾಕೀಸು ಮುಚ್ಚಿದ ಮೇಲೆ ಟೀವಿ ಅಂಟೆನಾ ಕೂರಿಸುವ ಕೆಲಸ ಹಿಡಿದದ್ದೂ ಮಾಳಿಗೆಯ ಮೇಲೆ ಯಾರೂ ಮಾತಾಡಿಸುವುದಿಲ್ಲ ಎಂದೇ ಅಲ್ಲವೇ? ಕೆಳಗಿನಿಂದ "ಬಂತು, ಬಂತು, ಹೋತು" ಎಂದು ಕೂಗುವವರಿಗೆ ಉತ್ತರ ಕೊಡಬೇಕಾಗಿಲ್ಲ.

ಇದನ್ನೆಲ್ಲ ಗೇಲಿ ಮಾಡಲು ಬರೆಯಲಿಲ್ಲ. ಸ್ವಲ್ಪ ಗೇಲಿಗೂ ಬರೆದೆ. ಆದರೆ ಮುಖ್ಯವಾಗಿ, ನೀವು ಕಾಗದದಲ್ಲಿ ಎಂದೂ ನನಗೆ ಸುಳ್ಳು ಹೇಳಿದವರಲ್ಲ.

ಈ ವಾರ ಮೂರು ದಿನ ಬಾಗಿಲಿಗೆ ಬಡಿದೆ, ಒಳಗೆ ಕಾಲು ಬರಲಿಲ್ಲ. ಬೆರಳು ಚೌಕಟ್ಟಿನ ಮೇಲೆ ಇಟ್ಟ ಕೂಡಲೇ ಕಿವಿಗೆ ಮಾಲೆ ಸಿಕ್ಕಿಸಿಕೊಂಡು ಓಡುವವನು ಕಣ್ಣಿಗೆ ಬರುತ್ತಾನೆ. ಶುಕ್ರವಾರ ನಮ್ಮ ಮುಖ್ಯಾಧ್ಯಾಪಕಿ ದೊಡ್ಡಬಾಯಿಯವರು ನೋಡಿ "ಯಾಕ್ರಿ, ಹೊರಗ ನಿಂತೀರಿ?" ಎಂದರು. ಚಪ್ಪಲಿ ಕಚ್ಚುತ್ತಿದೆ ಎಂದೆ.

ಹರಿದಿತ್ತು ಎಂದು ಇನ್ನೊಮ್ಮೆ ಬರೆಯಿರಿ, ನಂಬುತ್ತೇನೆ. ಇಲ್ಲದಿದ್ದರೆ ಇದ್ದದ್ದನ್ನು ಹೇಳಿರಿ. ಹದಿಮೂರು ವರ್ಷ ನಾನು ಯಾವುದನ್ನು ನೆಚ್ಚಿಕೊಂಡಿದ್ದೆ ಎಂದು ನನಗೆ ಗೊತ್ತಾಗಬೇಕು.

ಸಿಟ್ಟಿನಲ್ಲಿರುವ
ಕಾಂತಾ


ಖಾನಾಪುರ
15 ಡಿಸೆಂಬರ್ 1985

ಕಾಂತಾ, ಮಗಳೇ,

ಹರಿದಿರಲಿಲ್ಲ. ನಾನೇ ಕತ್ತರಿಸಿದೆ.

ಈ ಕಾಗದದ ಜೊತೆ ಮುಂಜಾನೆಯ ಬಸ್ಸಿನ ಕಂಡಕ್ಟರ್ ಭರಮಣ್ಣನ ಕೈಯಲ್ಲಿ ಒಂದು ಕುಂದಾ ಡಬ್ಬಿ ಕಳಿಸಿದ್ದೇನೆ. ಅದರಲ್ಲಿ ಕುಂದಾ ಇಲ್ಲ. ಬೆಂಕಿಯ ಹತ್ತಿರ ಒಯ್ಯಬೇಡ. ತೊಂಬತ್ತು ಅಡಿ ಫಿಲ್ಮು, ಒಂದು ನಿಮಿಷದ್ದು. ಅವನು ಬಾಯಿ ತೆರೆಯುವಲ್ಲಿಂದ ಬಿದ್ದು ಓಡುವವರೆಗೆ, ಸಾಹೇಬರ ಮಾತೂ ಅದರಲ್ಲೇ ಇದೆ. ಅದು ನಿನ್ನದು.

ಆ ಚಿತ್ರದ ಮೊದಲ ಆಟ ಗುರುವಾರ. ನಾನು ಕ್ಯಾಬಿನ್ನಿನ ತೂತಿನಿಂದ ನೋಡುತ್ತಿದ್ದೆ. ಅವನು ಬಿದ್ದಾಗ ಮಂದಿ ಎಷ್ಟು ನಕ್ಕರೆಂದರೆ ಮುಂದಿನ ಸೀನಿನ ಮಾತೇ ಕೇಳಿಸಲಿಲ್ಲ. ಮುಂದೆ ಕುಳಿತ ಒಬ್ಬ ಎದ್ದು, ಹಾಗೆಯೇ ಬಿದ್ದು ತೋರಿಸಿದ. ಟಾಕೀಸಿನ ಮಾಲೀಕರು ಬಾಳಾಸಾಹೇಬರಿಗೆ ಖುಷಿಯೋ ಖುಷಿ. ನನಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಮರುದಿನದ ಆಟಕ್ಕೆ ನಿನ್ನನ್ನು ಕರೆದುಕೊಂಡು ಬಾ ಎಂದು ಗೌರವ್ವನಿಗೆ ನಾನೇ ಹೇಳಿದ್ದೆ. ಹಾಸಿಗೆ ಬಿಟ್ಟು ಏಳಲಿ, ನಾಲ್ಕು ಮಂದಿಯ ನಡುವೆ ಕುಳಿತುಕೊಳ್ಳಲಿ ಎಂದು.

ಮರುದಿನ ಮುಂಜಾನೆ ಆ ರೀಲು ತೆಗೆದು, ಜಾಗ ಹುಡುಕಿ, ಕತ್ತರಿ ಹಾಕಿದೆ. ಎರಡೂ ತುದಿಯನ್ನು ಬ್ಲೇಡಿನಿಂದ ಕೆರೆದು, ಫಿಲ್ಮು ಅಂಟಿಸುವ ಸಿಮೆಂಟು ಹಚ್ಚಿ ಒತ್ತಿ ಹಿಡಿದೆ. ಅವನು ಬೀಳುವುದು ನಿನಗೆ ಕಾಣಿಸಬಾರದು, ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಉಳಿದದ್ದು ಪರದೆಯ ಮೇಲೆ ಹೇಗೆ ಕಾಣುತ್ತದೆ ಎಂಬ ಅಂದಾಜು ನನಗೂ ಇರಲಿಲ್ಲ. ಸಂಜೆ ನೋಡಿದರೆ, ಅವನು ಹಾಳೆ ಬಿಚ್ಚಿದ, ಅಂಟು ಮಶೀನಿನಲ್ಲಿ ಹಾಯುವಾಗ "ಟಪ್" ಎಂದಿತು, ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಾನೂ ಬೆರಗಾದೆ. ನಡುವಿನ ಭಾಷಣವನ್ನು ನೀನೇ ಮನಸ್ಸಿನಲ್ಲಿ ತುಂಬಿಕೊಂಡಿರಬೇಕು. ತೂತಿನಿಂದ ಕೆಳಗೆ ನೋಡಿದೆ. ಹೆಂಗಸರ ಬಾಕಿನ ಮೇಲೆ ನೀನು ಹತ್ತಿ ನಿಂತು ಚಪ್ಪಾಳೆ ಹೊಡೆಯುತ್ತಿದ್ದೆ. ಗೌರವ್ವ ನಿನ್ನ ಲಂಗ ಜಗ್ಗಿ ಕೂರಿಸುತ್ತಿದ್ದಳು.

ಆಮೇಲೆ ಅದನ್ನು ಮತ್ತೆ ಜೋಡಿಸಲು ನನ್ನಿಂದ ಆಗಲಿಲ್ಲ. ಗುರುವಾರ ನೋಡಿದವರು "ಅಂವಾ ಬೀಳತಿದ್ದನಲ್ಲ" ಎಂದರೆ ಉಳಿದವರು "ನಿಮಗ ಎಲ್ಲೋ ನಿದ್ದಿ ಹತ್ತಿರಬೇಕು" ಎಂದು ಅವರನ್ನೇ ನೋಡಿ ನಕ್ಕರು.

ಇಪ್ಪತ್ತೆರಡು ವರ್ಷ ಆ ಕ್ಯಾಬಿನ್ನಿನಲ್ಲಿ ನಿಂತೆ, ಕಾಂತಾ. ಎರಡು ಚಿತ್ರಕ್ಕೊಮ್ಮೆ ನಮ್ಮಂಥ ಅಂಜುಬುರುಕ ಒಬ್ಬ ಬರುತ್ತಾನೆ. ಬೀಗರು ಬಂದರೆ ಮಂಚದ ಕೆಳಗೆ ಹೋಗುವವನು, ಮಾತಾಡಬೇಕಾದಲ್ಲಿ ಸೀನುವವನು, ಹುಡುಗಿ ಎದುರಾದರೆ ಟೊಪ್ಪಿಗೆ ತಿನ್ನತೊಡಗುವವನು. ಹೀರೋಗೆ ಮೂರು ತಾಸು, ಇವನಿಗೆ ಹದಿನೈದು ನಿಮಿಷ. ಅಷ್ಟರಲ್ಲಿ ಇವನು ನಾಲ್ಕು ಸಲ ಬೀಳಬೇಕು. ಅವನು ಮನೆಗೆ ಹೋದ ಮೇಲೆ ಏನು ಮಾಡುತ್ತಾನೆ ಎಂದು ಯಾವ ಚಿತ್ರದಲ್ಲೂ ತೋರಿಸುವುದಿಲ್ಲ. ನನಗೆ ಗೊತ್ತಿದೆ. ಗೋಡೆಯ ಕಡೆ ಮುಖ ಮಾಡಿ ಊಟ ಮಾಡುತ್ತಾನೆ, ಆಡಬೇಕಾಗಿದ್ದ ಮಾತನ್ನೆಲ್ಲ ಆಗ ಆಡುತ್ತಾನೆ.

ಒಂದೇ ಊರಲ್ಲಿ, ಒಂದು ವಾರ ಅವನು ಬೀಳದೆ ಇರಲಿ ಎಂದು ಮಾಡಿದೆ. ನಿನಗೆ ಮೋಸ ಮಾಡಿದೆ ಎಂದರೆ ಮಾಡಿದೆ. ನೀನು ಅದನ್ನು ನೆಚ್ಚಿ ಟೀಚರ್ ಆಗುತ್ತೀ ಎಂದು ನನಗೇನು ಗೊತ್ತು? ಬಾಗಿಲಿಗೆ ಬಡಿಯುವ ವಿಷಯ ನೀನು ಎಂದೂ ಬರೆದಿರಲಿಲ್ಲ.

ಸಿಟ್ಟು ಇದ್ದರೆ ಇರಲಿ. ಕಾಗದ ಮಾತ್ರ ಬಿಡಬೇಡ.

ನಿನ್ನ ಮಾಮಾ
ಗುರುಪುತ್ರಪ್ಪ


ಖಾನಾಪುರ
5 ಜನವರಿ 1986

(ಬಾಜೂ ಮನೆಯ ಸಿದ್ದಕ್ಕ ಬರೆದುಕೊಂಡದ್ದು. ನಿಮ್ಮವ್ವ ಗೌರವ್ವ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ.)

ಕಾಂತಾ, ನಿಮ್ಮ ಮಾಮಾ ಎಲ್ಲಾ ಬರದು ಕಳಿಸೇನಿ ಅಂತಾನ. ಎಲ್ಲಾ ಬರದಿಲ್ಲ, ನನಗ ಗೊತ್ತೈತಿ. ಅಂವಾ ಈಗ ಅಂಟೆನಾ ಹಾಕಾಕ ಹೋಗ್ಯಾನ, ಬರೂದರಾಗ ಹೇಳಿ ಮುಗಸ್ತೇನಿ.

ಆ ಸಿನಿಮಾದ ಪೆಟಗಿ ವಾಪಸ್ ಒಯ್ಯಾಕ ಒಬ್ಬಾಂವ ಬಂದಿದ್ದ. ಫಿಲ್ಮ ಅಳತಿ ಮಾಡಿದ, ಕಡಿಮಿ ಬಂತು. ಸಂತಿ ದಿನಾ, ಬಸ್ ಸ್ಟ್ಯಾಂಡಿನ್ಯಾಗ ನಿಮ್ಮ ಮಾಮಾನ್ನ ನಿಂದರಿಸಿ ಬೈದ ನೋಡು. ಬೈಗಳಾ ಅಂದ್ರ ಎಂಥಾ ಬೈಗಳಾ! ಮಂದಿ ಸುತ್ತಾ ನೆರೀತು. ಇಬ್ಬರು ಎದುರಿಗೆ ಬಂದ್ರ ಹಿತ್ತಲ ಸಂದಿ ಹಿಡದು ಬರಾಂವ, ಅಷ್ಟು ಮಂದ್ಯಾಗ ತೆಳಗ ಮಾರಿ ಹಾಕ್ಕೊಂಡು ನಿಂತಿದ್ದ. ಹರದಿತ್ತರಿ, ಅಂತ ಒಂದ ಮಾತ ಅಂದ. ಆ ಡಬ್ಬಿ ಅವನ ಕೈಚೀಲದಾಗ ಇತ್ತು, ಕಾಂತಾ. ತಗದು ಕೊಟ್ಟಿದ್ರ ಮುಗದು ಹೋಗತಿತ್ತು. ಕೊಡಲಿಲ್ಲ.

ಮನಿಗೆ ಬಂದ ಮ್ಯಾಲ ನಾನು ಕೇಳಿದೆ, ಯಾಕ ಕೊಡಲಿಲ್ಲೋ ಯಣ್ಣಾ ಅಂತ. ಕೊಟ್ಟಿದ್ರ ಮುಂದಿನ ಊರಾಗ ಅಂವಾ ಮತ್ತ ಬೀಳತಾನವಾ, ಅಂದ. ಅಷ್ಟ ಹೇಳಿ ಗ್ವಾಡಿ ಕಡೆ ಮಾರಿ ಮಾಡಿ ಊಟಕ್ಕ ಕುಂತ.

ನೀ ಆವಾಗ ಸಾಲಿಗೆ ಹೊಂಟಿದ್ದಿ, ಮಾತಾಡಾಕ ಹತ್ತಿದ್ದಿ. ಅದಕ್ಕ ನಾ ಹೇಳಲಿಲ್ಲ. ಈಗ ನಿನ್ನ ಕಾಗದ ಬಾರದ ಇಪ್ಪತ್ತು ದಿನಾ ಆತು. ದಿನಾ ಟಪಾಲ ಬರೂ ಹೊತ್ತಿಗೆ ಕಟ್ಟಿ ಮ್ಯಾಲ ಬಂದು ನಿಂದರ್ತಾನ. ಟಪಾಲದಾಂವ ಹತ್ರ ಬಂದ್ರ ಒಳಗ ಹೊಕ್ಕೊಂತಾನ. ನೋಡಾಕ ಆಗವಲ್ದು.

ನಿಮ್ಮವ್ವ


ಟಿಳಕವಾಡಿ, ಬೆಳಗಾವಿ
12 ಜನವರಿ 1986

ಪ್ರೀತಿಯ ಮಾಮಾ,

ತಡವಾಯಿತು. ಮೊದಲು ಸಿಟ್ಟಿನಿಂದ ಬರೆಯಲಿಲ್ಲ, ಆಮೇಲೆ ಅವ್ವನ ಕಾಗದ ಓದಿ ಅಳುತ್ತಿದ್ದುದರಿಂದ ಬರೆಯಲಾಗಲಿಲ್ಲ. ಅವ್ವ ಬರೆಸಿದ್ದಾಳೆ ಎಂದು ಅವಳನ್ನು ಬಯ್ಯಬೇಡಿ. ಸಂತೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಏನಾಯಿತು ಎಂಬುದು ನನಗೆ ಈಗ ಗೊತ್ತು. ನಾಲ್ಕು ಪುಟ ಬರೆದವರು ಅದೊಂದನ್ನು ಹೇಗೆ ಬಿಟ್ಟಿರಿ ಮಾಮಾ?

ಇಂದು ಮಧ್ಯಾಹ್ನ ಈರಣ್ಣ ಬಂದಿದ್ದರು. ಇಬ್ಬರೂ ಬಾಗಿಲಲ್ಲಿ ಕುಳಿತು ನಿಮ್ಮ ಫಿಲ್ಮನ್ನು ಬಿಸಿಲಿಗೆ ಹಿಡಿದು ನೋಡಿದೆವು. ಉದ್ಯಮಬಾಗದ ಫೌಂಡ್ರಿಯಲ್ಲಿ ಅಚ್ಚು ಮಾಡುವವರ ಕಣ್ಣು ಅದು, ಕೂದಲೆಳೆ ತಪ್ಪಿದರೂ ಹಿಡಿಯುತ್ತಾರೆ. "ಕಾಂತಾ, ಇಲ್ಲಿ ನೋಡ್ರಿ" ಎಂದರು. ಎಲ್ಲರೂ ನಗುತ್ತಿರುವಾಗ, ಹಿಂದೆ ಗೋಡೆಯ ಹತ್ತಿರ ಚಹದ ತಟ್ಟೆ ಹಿಡಿದು ನಿಂತ ಆಫೀಸಿನ ಸಿಪಾಯಿ ಒಬ್ಬನಿದ್ದಾನೆ. ಉಗುರಿನಷ್ಟು ಚಿತ್ರದಲ್ಲಿ ಅವನು ಸಾಸಿವೆ ಕಾಳಿನಷ್ಟು ಕಾಣುತ್ತಾನೆ. ಅವನು ನಗುತ್ತಿಲ್ಲ. ತಟ್ಟೆಯನ್ನು ಕೆಳಗಿಟ್ಟು, ಕೈ ಚಾಚಿ, ಬಿದ್ದವನ ಕಡೆಗೆ ಹೊರಟಿದ್ದಾನೆ. ಗುಮಾಸ್ತ ಅದನ್ನು ನೋಡದೆ ಮೇಜಿನ ಕೆಳಗೆ ಓಡಿಹೋಗುತ್ತಾನೆ. ಟೀವಿಯಲ್ಲಿ ನಾನೂ ನೋಡಿರಲಿಲ್ಲ. ನಗುವವರನ್ನು ನೋಡುವುದರಲ್ಲೇ ಇದ್ದೆ.

ಈರಣ್ಣ "ಇವರು ನಿಮ್ಮ ಮಾಮಾ" ಎಂದರು. ನನಗೂ ಹಾಗೇ ಅನಿಸಿತ್ತು.

ನಿಮಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು, ಆದರೆ ಹೇಳದೆ ಬಿಡುವುದಿಲ್ಲ. ಅಪ್ಪ ಹೋದಾಗ ನನಗೆ ನಾಲ್ಕು ವರ್ಷ. ಅಂದಿನಿಂದ ಅನ್ನ ಹಾಕಿದಿರಿ, ಓದಿಸಿದಿರಿ. ಅದೆಲ್ಲ ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಆ ಟಪ್ ಗುಮಾಸ್ತನದಲ್ಲ, ನಿಮ್ಮದು. ಇಷ್ಟು ವರ್ಷ ದಿನಾ ಮುಂಜಾನೆ ನಾನು ಬಾಗಿಲಿಗೆ ಬಡಿದು ಕರೆದದ್ದು ನಿಮ್ಮನ್ನೇ. ನಿನ್ನೆ ಶನಿವಾರ ಬಡಿದೆ, ಒಳಗೆ ಹೋದೆ, ಭಾಗಾಕಾರ ಕಲಿಸಿದೆ.

ಇನ್ನೊಂದು ಮಾತು. ಮದುವೆ ಏಪ್ರಿಲ್ 27ಕ್ಕೆ ಗಟ್ಟಿಯಾಯಿತು, ಶಿವಬಸವ ನಗರದ ಮಂಗಲ ಕಾರ್ಯಾಲಯದಲ್ಲಿ. ಸೋದರಮಾವ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತಂದು, ಅಕ್ಕಿಕಾಳು ಬೀಳುವವರೆಗೆ ನಿಲ್ಲಬೇಕು. ನೀವು ಬರಬೇಕು ಮಾಮಾ. ಹಿಂದಿನ ದಿನ ಅಲ್ಲ, ಮದುವೆಯ ದಿನ.

ನಿಮ್ಮ
ಕಾಂತಾ


ಖಾನಾಪುರ
9 ಫೆಬ್ರುವರಿ 1986

ಚಿ. ಕಾಂತಾ,

ಸಿಪಾಯಿಯನ್ನು ನಾನೂ ನೋಡಿರಲಿಲ್ಲ. ಹದಿಮೂರು ವರ್ಷ ಡಬ್ಬಿ ನನ್ನ ಟ್ರಂಕಿನಲ್ಲಿತ್ತು, ಒಮ್ಮೆಯೂ ಬಿಚ್ಚಿ ನೋಡಲು ಧೈರ್ಯ ಬರಲಿಲ್ಲ. ಈರಣ್ಣನಿಗೆ ಶರಣು ಹೇಳು. ಒಳ್ಳೆಯ ಹುಡುಗ.

ಮದುವೆಯ ಮಾತು ನನ್ನಿಂದಾಗದು. ಹತ್ತು ಸಲ ಬರೆದು ಹರಿದು ಇದನ್ನು ಬರೆಯುತ್ತಿದ್ದೇನೆ. ಗೌರವ್ವನ ಮದುವೆಯಲ್ಲಿ ಏನಾಯಿತೆಂದು ನಿನಗೆ ಗೊತ್ತಿಲ್ಲ. ಒಬ್ಬಳೇ ತಂಗಿ, ಧಾರೆಯ ಹೊತ್ತಿಗೆ ಅಣ್ಣ ಎಲ್ಲಿ ಎಂದು ಎಲ್ಲರೂ ಹುಡುಕಿದರು. ನಾನು ಬಲ್ಬು ಸರಿ ಮಾಡುವ ನೆವದಲ್ಲಿ ಬೇವಿನ ಗಿಡ ಹತ್ತಿದ್ದೆ, ಇಳಿಯಲಿಲ್ಲ. ಮದುಮಗನೇ ಕೆಳಗೆ ಬಂದು ಕರೆದ, ಆಗಲೂ ಇಳಿಯಲಿಲ್ಲ. ಮಂದಿ ಗಿಡದ ಕೆಳಗೆ ನಿಂತು ನಕ್ಕರು. ನಿನ್ನ ಮದುವೆಯಲ್ಲಿ ಅಂಥದೊಂದು ಆಗಬಾರದು. ನಾಳೆ ಈರಣ್ಣನ ಮನೆಯವರ ಮುಂದೆ ನೀನು ತಲೆ ತಗ್ಗಿಸಬಾರದು.

ಬಾಳಾಸಾಹೇಬರನ್ನು ನಿಲ್ಲಿಸು. ಎತ್ತರದ ಆಳು, ರುಮಾಲು ಚೆನ್ನಾಗಿ ಒಪ್ಪುತ್ತದೆ. ನಾನು ಎರಡು ದಿನ ಮೊದಲೇ ಬಂದು ದೀಪದ ಕೆಲಸ ಎಲ್ಲ ಮಾಡಿಕೊಡುತ್ತೇನೆ. ಬೆಳಗಾವಿಯಲ್ಲಿ ಯಾರೂ ನೋಡಿರಬಾರದು, ಅಂಥ ಸರ ಕಟ್ಟುತ್ತೇನೆ.

ಕ್ಷಮಿಸು.

ಗುರುಪುತ್ರಪ್ಪ


ಟಿಳಕವಾಡಿ, ಬೆಳಗಾವಿ
23 ಫೆಬ್ರುವರಿ 1986

ಮಾಮಾ,

ಬಾಳಾಸಾಹೇಬರು ದೊಡ್ಡವರು, ರುಮಾಲು ಒಪ್ಪುತ್ತದೆ, ಎಲ್ಲ ಖರೇ. ಆದರೆ ಅವರು ನನ್ನ ಮಾಮಾ ಅಲ್ಲ. ನಿಮ್ಮ ಜಾಗದಲ್ಲಿ ಇನ್ನೊಬ್ಬರನ್ನು ನಾನು ನಿಲ್ಲಿಸುವುದಿಲ್ಲ. ಈರಣ್ಣನಿಗೂ ಹೇಳಿದ್ದೇನೆ, ಮದುವೆ ಮಾಡಿಸುವ ಚನ್ನಬಸಯ್ಯನವರಿಗೂ ಹೇಳಿದ್ದೇನೆ. ನೀವು ಬರದಿದ್ದರೆ ನಾನೊಬ್ಬಳೇ ಮಂಟಪಕ್ಕೆ ನಡೆದು ಹೋಗುತ್ತೇನೆ. ಅಯ್ಯನವರು "ಇದು ಎಲ್ಲೂ ಇಲ್ಲದ ಪದ್ಧತಿ ಆತಲ್ಲವಾ" ಎಂದರು. ಆಗಲಿ ಎಂದೆ.

ಒಂದು ಮಾತು ಮಾತ್ರ ಕೇಳಿಸಿಕೊಳ್ಳಿ. ಸೋದರಮಾವ ನಿಲ್ಲುವುದು ಎಲ್ಲಿ? ಮದುಮಗಳ ಹಿಂದೆ. ಯಾರೂ ನಿಮ್ಮನ್ನು ನೋಡುವುದಿಲ್ಲ. ಎಲ್ಲರೂ ನನ್ನನ್ನು ನೋಡುತ್ತಾರೆ, ನನ್ನ ಸೀರೆ, ನನ್ನ ದಂಡೆ, ನನ್ನ ಮೂಗು ಸ್ವಲ್ಪ ಚಪ್ಪಟೆ ಎಂಬುದನ್ನು. ನೀವು ಮಾತಾಡಬೇಕಾಗಿಲ್ಲ, ನಗಬೇಕಾಗಿಲ್ಲ. ಇಪ್ಪತ್ತೆರಡು ವರ್ಷ ಖಾನಾಪುರದ ಮಂದಿಯ ಬೆನ್ನ ಹಿಂದೆ ನಿಂತು ಅವರಿಗೆ ಬೆಳಕು ತೋರಿಸಿದವರು ನೀವು. ಕಾಲು ತಾಸು ನನ್ನ ಹಿಂದೆ ನಿಂತುಕೊಳ್ಳಿ.

ಗಿಡ ಹತ್ತಿದ ಕಥೆಗೆ ಹೇಳುತ್ತೇನೆ: ನೀವು ಮಂಟಪದವರೆಗೆ ಬಂದು ಓಡಿಹೋದರೂ ನನಗೆ ಅಪಮಾನವಿಲ್ಲ. ಈರಣ್ಣನ ಮನೆಯವರು ನಗಲಿ. ನಾನು ತಟ್ಟೆ ಕೆಳಗಿಟ್ಟು ಬರುವವಳು.

ಕಾಂತಾ


ಖಾನಾಪುರ
16 ಮಾರ್ಚ್ 1986

ಚಿ. ಕಾಂತಾ,

ಕಾಗದ ಮುಟ್ಟಿತು. ವಿಚಾರ ಮಾಡುತ್ತಿದ್ದೇನೆ. ಮಾತು ಕೊಡುವುದಿಲ್ಲ. ಕಾರ್ಯಾಲಯದಲ್ಲಿ ಸ್ವಿಚ್ಚಿನ ಹಲಗೆ ಎಲ್ಲಿದೆ, ಹಿತ್ತಲ ಬಾಗಿಲು ಎಲ್ಲಿದೆ ಎಂದು ಈರಣ್ಣನನ್ನು ಕೇಳಿ ತಿಳಿಸು.

ಗುರುಪುತ್ರಪ್ಪ


ಖಾನಾಪುರ
2 ಮೇ 1986

ಚಿ. ಸೌ. ಕಾಂತಾಗೆ ಮಾಮಾನ ಆಶೀರ್ವಾದ. ಹೆಸರಿನ ಹಿಂದೆ "ಸೌ." ಬರೆದು ಐದು ನಿಮಿಷ ಅದನ್ನೇ ನೋಡುತ್ತ ಕುಳಿತಿದ್ದೆ.

ಊಟ ಮಾಡದೆ ಓಡಿ ಬಂದೆ ಎಂದು ನೀನು ಸಿಟ್ಟಾಗಿರುತ್ತೀ. ಈರಣ್ಣನ ತಾಯಿಯವರಿಗೆ ನನ್ನ ಪರವಾಗಿ ಏನಾದರೂ ಹೇಳು. ಅಕ್ಕಿಕಾಳಿನವರೆಗೆ ಮಾತ್ರ ನನ್ನ ಶಕ್ತಿ ಇತ್ತು, ಊಟದ ಪಂಕ್ತಿಗೆ ಉಳಿಯಲಿಲ್ಲ.

ಖರೇ ಹೇಳುತ್ತೇನೆ, ಆ ಮುಂಜಾನೆ ನಾನು ಹೊರಡುವವನೇ ಇದ್ದೆ. ದೀಪಗಳೆಲ್ಲ ಸರಿಯಾಗಿದ್ದವು. ಕೈಯಲ್ಲಿ ಇಕ್ಕಳ ಹಿಡಿದು ಸ್ವಿಚ್ಚಿನ ಹಲಗೆಯ ಹತ್ತಿರ ನಿಂತಿದ್ದೆ. ಹಿತ್ತಲ ಬಾಗಿಲು ನಾಲ್ಕು ಹೆಜ್ಜೆ. ಒಳಗೆ ಮಂದಿ ತುಂಬಿದ್ದರು, ಗದ್ದಲವೋ ಗದ್ದಲ. ಎರಡು ಹೆಜ್ಜೆ ಇಟ್ಟೂ ಆಗಿತ್ತು.

ಆಗ ಟಪ್ ಎಂದಿತು.

ಅಷ್ಟು ಗದ್ದಲದಲ್ಲಿ ಅದು ನನಗೆ ಹೇಗೆ ಕೇಳಿಸಿತೋ ತಿಳಿಯದು. ಇಪ್ಪತ್ತೆರಡು ವರ್ಷ ಮಶೀನಿನ ಸದ್ದಿನಲ್ಲಿ ಅಂಟು ಹಾಯುವುದನ್ನು ಕೇಳಿದ ಕಿವಿ, ಅದಕ್ಕೇ ಇರಬೇಕು. ತಿರುಗಿ ನೋಡಿದೆ. ಕೋಣೆಯ ಬಾಗಿಲಲ್ಲಿ ನೀನು ನಿಂತಿದ್ದೆ. ಚೌಕಟ್ಟಿನ ಮೇಲೆ ಬೆರಳು. ಬಾಜೂ ಯಾರೂ ಇಲ್ಲ. ಎಲ್ಲರೂ ನಿನ್ನನ್ನೇ ನೋಡುತ್ತಿದ್ದರು, ನೀನು ನೆಲ ನೋಡುತ್ತಿದ್ದೆ. ಹನ್ನೊಂದು ವರ್ಷದ ಹುಡುಗಿಯ ಮೋರೆಯೇ ಅದು.

ಇಕ್ಕಳವನ್ನು ಎಲ್ಲಿಟ್ಟೆನೋ ನೆನಪಿಲ್ಲ. ಬಂದು ನಿನ್ನ ಕೈ ಹಿಡಿದಾಗ ನನ್ನ ಕೈಗಿಂತ ನಿನ್ನ ಕೈ ತಣ್ಣಗಿತ್ತು. ಅದೇ ನನಗೆ ಧೈರ್ಯ ಕೊಟ್ಟಿತು. ಇವಳಿಗೆ ನನಗಿಂತ ಹೆಚ್ಚು ಅಂಜಿಕೆಯಾಗಿದೆ, ಇನ್ನು ನಾನು ಅಂಜುತ್ತ ಕೂತರೆ ನಡೆಯದು ಎಂದುಕೊಂಡೆ. ಮಂಟಪದಲ್ಲಿ ನಿನ್ನ ಹಿಂದೆ ನಿಂತಾಗ ನಿನ್ನ ದಂಡೆಯ ಹೂ ನನ್ನ ಕಣ್ಣಿಗೆ ಸಮವಾಗಿತ್ತು. ಎರಡು ಹೂವಿನ ನಡುವೆ ಸಣ್ಣ ಸಂದು. ಅದರಿಂದ ಮಂದಿಯನ್ನು ನೋಡಿದೆ, ಕ್ಯಾಬಿನ್ನಿನಿಂದ ನೋಡಿದ ಹಾಗೆ. ನೀನು ಬರೆದದ್ದು ಖರೇ, ಒಬ್ಬರೂ ನನ್ನನ್ನು ನೋಡುತ್ತಿರಲಿಲ್ಲ. ನಗುವವರೂ ಇರಲಿಲ್ಲ. ಗೌರವ್ವ ಮಾತ್ರ ನನ್ನ ಕಡೆ ನೋಡಿ ಅಳುತ್ತಿದ್ದಳು. ಬೇವಿನ ಗಿಡ ಅವಳಿಗೂ ನೆನಪಾಗಿರಬೇಕು.

ಅಕ್ಕಿಕಾಳು ಬಿದ್ದವು. ಅರ್ಧ ನಿನಗೆ, ಅರ್ಧ ನನಗೆ. ಮನೆಗೆ ಬಂದು ಅಂಗಿ ಜಾಡಿಸಿದಾಗ ಕಾಲರಿನಿಂದ ಒಂದಿಷ್ಟು ಉದುರಿದವು. ಆರಿಸಿ ಇಟ್ಟಿದ್ದೇನೆ. ಡಬ್ಬಿ ನಿನ್ನ ಹತ್ತಿರ ಇದೆಯಲ್ಲ, ಇದಕ್ಕೆ ಬೇರೆ ಡಬ್ಬಿ ಹುಡುಕಿದೆ.

ನೀನು ನನಗೆ ಕೃತಜ್ಞತೆ ಹೇಳಿದ್ದೆ. ಈಗ ನಾನು ಹೇಳಬೇಕು. ಒಂದು ನಿಮಿಷದ ಫಿಲ್ಮು ಕದ್ದು ನಿನಗೆ ಕೊಟ್ಟೆ, ನೀನು ನನಗೆ ಕಾಲು ತಾಸು ಕೊಟ್ಟೆ. ನನ್ನ ಇಡೀ ಆಯುಷ್ಯದಲ್ಲಿ ಮಂದಿಯ ನಡುವೆ ನಾನು ಸುಖವಾಗಿ ನಿಂತದ್ದು ಅಷ್ಟೇ ಹೊತ್ತು. ಸಾಕು ಎನ್ನುವಷ್ಟಾಯಿತು.

ವಾಪಸು ಬರುವಾಗ ಭರಮಣ್ಣನ ಬಸ್ಸೇ ಸಿಕ್ಕಿತು. ಅವನು ಟಿಕೀಟು ಹರಿದು ಕೊಟ್ಟ, ಏನೂ ಕೇಳಲಿಲ್ಲ. ಅವನಿಗೆ ನನ್ನ ಸ್ವಭಾವ ಗೊತ್ತು. ಆದರೂ ನಾನೇ ಅಂದೆ, "ನಮ್ಮ ಹುಡುಗಿ ಮದುವಿ ಇತ್ತೋ ಭರಮಣ್ಣ. ನಾನ ಹಿಂದ ನಿಂತಿದ್ದೆ." ಅವನು ಟಿಕೀಟಿನ ಪೆಟ್ಟಿಗೆ ಹಿಡಿದುಕೊಂಡು ನನ್ನ ಮೋರೆಯನ್ನೇ ನೋಡಿದ. "ಯಪ್ಪಾ, ಎಷ್ಟು ವರ್ಷಾತು ನಿಮ್ಮ ದನಿ ಕೇಳಿ" ಎಂದ. ಅರ್ಧ ದಾರಿ, ದೇಸೂರು ಬರುವವರೆಗೂ ಅವನಿಗೆ ಮದುವೆಯ ಕಥೆ ಹೇಳಿದೆ.

ನಿನ್ನ ಮಾಮಾ
ಗುರುಪುತ್ರಪ್ಪ

ತಾ. ಕ.: ನನ್ನ ಇಕ್ಕಳ ಆ ಕಾರ್ಯಾಲಯದಲ್ಲೇ ಎಲ್ಲೋ ಉಳಿದಿದೆ. ಈರಣ್ಣನಿಗೆ ಹೇಳಿ ಹುಡುಕಿಸಿ ಇಟ್ಟಿರು. ಗೌರವ್ವನ ಕೈಯಲ್ಲಿ ಕಳಿಸಬೇಡ, ಭರಮಣ್ಣನ ಕೈಯಲ್ಲೂ ಬೇಡ. ಮುಂದಿನ ರವಿವಾರ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಊಟದ ಹೊತ್ತಿಗೇ ಬರುತ್ತೇನೆ.